ಇಪ್ಪತ್ತೆರಡು ದೇಶಗಳ ತೊಟ್ಟಿ

ಓಬಯ್ಯ: ಸತ್ತೋರಿಗೆ ಕಾಲಂ ಇಲ್ಲ ಅಂದ್ರೆ ಏನಮ್ಮಾ ಅರ್ಥ? ಆ ಇಪ್ಪತ್ತೆರಡು ದೇಶದಾಗೆ ಯಾರೂ ಸಾಯೋದೇ ಇಲ್ವಾ?

ಹರ್ಷಿತಾ: ಸಾಯ್ತಾರೆ ಸಾರ್. ಫಾರಂನಲ್ಲಿ ಸಾಯಲ್ಲ.

ಓಬಯ್ಯ: ಇನ್ನೊಂದು ಸಲ ಓದು.

ಹರ್ಷಿತಾ: 'ಅಧ್ಯಕ್ಷರು ಸಭೆಗೆ ಬರುವುದನ್ನು ನಿಲ್ಲಿಸಿದ್ದಾರೆಯೇ?' ಹೌದು ಅಂತ ಒತ್ತಿದ್ದೀನಿ. 'ಕಾರಣ ಆರಿಸಿ. ಒಂದು, ಯೋಜನೆಯಲ್ಲಿ ನಂಬಿಕೆ ಕಳೆದುಕೊಂಡರು. ಎರಡು, ಬೇರೆ ಸಂಸ್ಥೆಯ ಯೋಜನೆಗೆ ಸೇರಿದರು. ಮೂರು, ದುರ್ನಡತೆಗಾಗಿ ತೆಗೆದುಹಾಕಲಾಯಿತು. ನಾಲ್ಕು, ಊರು ಬಿಟ್ಟು ಹೋದರು.' ಇಷ್ಟೇ.

ಓಬಯ್ಯ: ಕೊನೆಗೆ 'ಇತರೆ' ಅಂತ ಒಂದಿರ್ತದಲ್ಲ?

ಹರ್ಷಿತಾ: ಹಳೇ ಫಾರಂನಲ್ಲಿತ್ತು ಸಾರ್. ಎಲ್ಲರೂ ಅದನ್ನೇ ಒತ್ತುತ್ತಾರೆ ಅಂತ ತೆಗೆದುಬಿಟ್ರು.

ಪರಶುರಾಂಪುರದ ದಾರಿಯಲ್ಲಿರುವ ಆ ಹಟ್ಟಿಯಲ್ಲಿ, ದೊಡ್ಡಪಾಲಯ್ಯನ ಮನೆಯ ಜಗಲಿಯ ಮೇಲೆ ಇಬ್ಬರೂ ಕೂತಿದ್ದರು. ದೊಡ್ಡಪಾಲಯ್ಯ ತೀರಿಕೊಂಡು ಅಂದಿಗೆ ಆರನೆಯ ದಿನ. ಓಬಯ್ಯ ಅವನ ನಲವತ್ತೈದು ವರ್ಷದ ಗೆಳೆಯ. ಚಳ್ಳಕೆರೆಯ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕ ಕೊಟ್ಟು, ಪುಸ್ತಕ ಇಸಿದುಕೊಂಡು, ನಡುವೆ ಸಿಕ್ಕಿದ್ದನ್ನೆಲ್ಲ ಓದಿ ನಿವೃತ್ತನಾದವನು. ಹರ್ಷಿತಾ ಮೊಳಕಾಲ್ಮೂರಿನ ನೇಯ್ಗೆಯವರ ಮನೆಯ ಹುಡುಗಿ. ಇಪ್ಪತ್ತೆರಡು ದೇಶಗಳು ಸೇರಿ ಮಾಡಿಕೊಂಡಿರುವ ಒಂದು ದೊಡ್ಡ ಸಂಸ್ಥೆಯ ಪರವಾಗಿ ಹಟ್ಟಿಹಟ್ಟಿ ತಿರುಗಿ ಮಾಹಿತಿ ತುಂಬುವುದು ಅವಳ ಕೆಲಸ. ತೊಡೆಯ ಮೇಲೆ ಟ್ಯಾಬು, ಪಕ್ಕದಲ್ಲಿ ಹೆಲ್ಮೆಟ್ಟು.

ಆ ಸಂಸ್ಥೆಯ ನೆರವಿನಿಂದ ಹಟ್ಟಿಯ ಆಚೆ ಕುರಿಗಳಿಗೆ ಒಂದು ನೀರಿನ ತೊಟ್ಟಿ, ಒಂದು ಬೋರು ಆಗಿತ್ತು. ಅದು ಮೊದಲ ಹಂತ. ಎರಡನೆಯ ಹಂತದಲ್ಲಿ ಬೋರಿಗೆ ಸೋಲಾರ್ ಬರಬೇಕು. ಕರೆಂಟು ಬರುವ ಹೊತ್ತು ಯಾರಿಗೂ ಗೊತ್ತಿಲ್ಲದ ಆ ಊರಿನಲ್ಲಿ, ಅದು ಬಂದ ಗಳಿಗೆಗೆ ಓಡಿಹೋಗಿ ಮೋಟರು ಹಾಕುತ್ತಿದ್ದವನು ದೊಡ್ಡಪಾಲಯ್ಯ ಒಬ್ಬನೇ. ಈಗ ಅವನಿಲ್ಲ. ಹೆಂಡತಿ ಹೇಗೋ ನೀರು ಬಿಡುತ್ತಿದ್ದಳು, ಆದರೆ ಎಷ್ಟು ದಿನ? ಸೋಲಾರ್ ಬರದಿದ್ದರೆ ತೊಟ್ಟಿ ಒಣಗುವುದೇ. ಫಾರಂ ಅಂದು ಸಂಜೆ ಐದರೊಳಗೆ ಹೋಗಬೇಕಿತ್ತು. ಹೋಗದಿದ್ದರೆ ದೊಡ್ಡಪಾಲಯ್ಯ ಅಧ್ಯಕ್ಷನಾಗಿದ್ದ ತೊಟ್ಟಿಯ ಸಮಿತಿ 'ನಿಷ್ಕ್ರಿಯ' ಎಂದಾಗಿ ಎರಡನೆಯ ಹಂತ ಯಾವುದೋ ಬೇರೆ ದೇಶದ ಪಾಲಾಗುತ್ತಿತ್ತು. ಆಗಲೇ ಮೂರು ಗಂಟೆ.

ಓಬಯ್ಯ: ಹೊಸ ಅಧ್ಯಕ್ಷನ್ನ ಮಾಡ್ಕೊಂಡು ಕಳಿಸು. ಅದಕ್ಕೇನು?

ಹರ್ಷಿತಾ: ಅದಕ್ಕೇ ಸಾರ್ ಬೆಳಗ್ಗೆಯಿಂದ ಸುತ್ತಿದ್ದು. ಪಾಲಾಕ್ಷಣ್ಣನ ಕೇಳಿದೆ, ಸೂತಕ ಅಂದ್ರು. ಈರೇಶಣ್ಣನ ಕೇಳಿದೆ, ಸೂತಕ. ದುರುಗಕ್ಕನೂ ಸೂತಕ. ಮೂವತ್ತೆಂಟು ಮನೇಲೂ ಸೂತಕ!

ಓಬಯ್ಯ: ಇರದೆ ಇನ್ನೇನು? ಮೂವತ್ತೆಂಟು ಮನೆಯೂ ಒಂದೇ ಬೆಡಗು, ಅಣ್ಣತಮ್ಮಂದಿರ ಪೈಕಿ. ಒಬ್ಬ ಹೋದ್ರೆ ಹನ್ನೊಂದು ದಿನ ಎಲ್ಲರಿಗೂ ಸೂತಕ. ಹೊಸ ಬಟ್ಟೆ ಉಡಂಗಿಲ್ಲ, ಹೊಸ ಪದವಿ ಮುಟ್ಟಂಗಿಲ್ಲ.

ಹರ್ಷಿತಾ: ಹೆಡ್ಡಾಫೀಸಿಗೆ ಫೋನ್ ಮಾಡಿ ಹೇಳ್ದೆ, ಇಡೀ ಊರಿಗೇ ಸೂತಕ ಐತೆ ಅಂತ. 'ಯಾವ ಥರದ ಸಾಂಕ್ರಾಮಿಕ? ಆರೋಗ್ಯ ವಿಭಾಗಕ್ಕೆ ತಿಳಿಸಿದ್ದೀರಾ?' ಅಂದ್ರು.

ಓಬಯ್ಯ: ನೀನೇನಂದೆ?

ಹರ್ಷಿತಾ: ಹನ್ನೊಂದು ದಿನಕ್ಕೆ ತಾನಾಗೇ ವಾಸಿ ಆಗುತ್ತೆ ಅಂದೆ.

ಓಬಯ್ಯನಿಗೆ ನಗು ಬಂತು. ಆರು ದಿನದಲ್ಲಿ ಮೊದಲ ಸಲ ಬಂದ ನಗು. ಬಂದದ್ದಕ್ಕೆ ನಾಚಿಕೆಯಾಗಿ, ಅದನ್ನು ಸಿಟ್ಟಿಗೆ ತಿರುಗಿಸಿಕೊಂಡ.

ಓಬಯ್ಯ: 'ಮರಣ' ಅಂತ ಒಂದು ಕಾಲಂ ಸೇರಿಸ್ರಪ್ಪಾ ಅಂತ ಕೇಳಬೇಕಿತ್ತು.

ಹರ್ಷಿತಾ: ಕೇಳ್ದೆ ಸಾರ್. ಫಾರಂನಲ್ಲಿ ಹೊಸ ಆಯ್ಕೆ ಸೇರಿಸಬೇಕಾದ್ರೆ ಇಪ್ಪತ್ತೆರಡು ದೇಶವೂ ಒಪ್ಪಬೇಕಂತೆ. ಅವರ ಸಭೆ ವರ್ಷಕ್ಕೊಂದೇ ಸಲ.

ಓಬಯ್ಯ: ಸಾಯೋದಕ್ಕೆ ಇಪ್ಪತ್ತೆರಡು ದೇಶದ ಒಪ್ಪಿಗೆ ಬೇಕಾಗಿದ್ರೆ ನಮ್ಮ ಪಾಲಯ್ಯ ಇನ್ನೂ ಬದುಕಿರೋನು.

ಹರ್ಷಿತಾ: ಸಾರ್, ನಾನು ಬರೀ ಬೆರಳು. ಒತ್ತೋದು ಅಷ್ಟೇ ನನ್ನ ಕೆಲಸ. ನನ್ನ ಮೇಲೆ ಯಾಕೆ ಹಾರಾಡ್ತೀರಿ?

ಓಬಯ್ಯ: ನಿನ್ನ ಬಿಟ್ರೆ ಇನ್ಯಾರು ಕೈಗೆ ಸಿಗ್ತಾರೆ? ಆ ಸಂಸ್ಥೆಯೋರು ನಾಲ್ಕು ವರ್ಷದಾಗೆ ಒಂದು ಸಲ ಬಂದ್ರು. ಎರಡು ಗಂಟೆ ಇದ್ರು. ಒಂದೂವರೆ ಗಂಟೆ ಫೋಟೋ. ಮಿಕ್ಕ ಅರ್ಧ ಗಂಟೇಲಿ ಪಾಲಯ್ಯನ ಕೇಳಿದ್ರು, ತೊಟ್ಟಿಯಿಂದ ನಿಮ್ಮ ಜೀವನದಲ್ಲಾದ ಬದಲಾವಣೆ ಏನು ಅಂತ. 'ಮೊಣಕಾಲು ನೋವು ಕಮ್ಮಿ ಆತು' ಅಂದ ಅವನು. ನೀರಿಗೆ ಅಂತ ಕುರಿ ಹೊಡ್ಕೊಂಡು ನಾಲ್ಕು ಮೈಲಿ ನಡೆಯೋದು ತಪ್ಪಿತ್ತು, ನಿಜ ಹೇಳ್ದ. ನೀನು ಏನಂತ ಬರೆದೆ?

ಹರ್ಷಿತಾ: ಮೊಣಕಾಲಿಗೆ ಕಾಲಂ ಇರಲಿಲ್ಲ. 'ನಾಯಕತ್ವದ ಸಬಲೀಕರಣ' ಅಂತ ಒತ್ತಿದೆ.

ಓಬಯ್ಯ: ನಾನು ಅವತ್ತೇ ಅವನಿಗೆ ಹೇಳ್ದೆ. ಲೇ ಪಾಲಯ್ಯ, ಇಪ್ಪತ್ತೆರಡು ದೇಶ ಒಂದೇ ಗಂಟು ಮಾಡಿ ಕೊಡ್ತಾವೆ, ಒಳ್ಳೇದೇ. ಒಬ್ಬೊಬ್ಬರು ಬಂದು ಒಂದೊಂದು ಬೋರ್ಡು ನೆಟ್ಟು ಹೋಗೋದಕ್ಕಿಂತ ವಾಸಿ. ಆದ್ರೆ ಗಂಟು ಒಂದಾದ್ರೂ ಗಂಟಿನ ತುದಿ ಒಬ್ಬೊಬ್ಬರ ಕೈಯಾಗೆ ಐತೆ, ಎಲ್ಲರೂ ಎಳೀತಾರೆ ಅಂತ. ಆ ಮೇಕೆ ವಿಷಯನೇ ನೋಡು!

ಹರ್ಷಿತಾ: ಮೇಕೆ ಸುದ್ದಿ ಬೇಡ ಸಾರ್. ಹೊತ್ತಾಯ್ತು.

ಓಬಯ್ಯ: ಯಾಕೆ ಬೇಡ? ಅದರಾಗೆ ಒಂದು ದೇಶ 'ನನ್ನ ಪಾಲು ಮೇಕೆಗೆ ಮಾತ್ರ' ಅಂತು. ಈ ಹಟ್ಟೀಲಿ ಇರೋದು ಸಾವಿರದಿನ್ನೂರು ಕುರಿ, ಹದಿನಾಲ್ಕು ಮೇಕೆ.

ಹರ್ಷಿತಾ: ಅವರ ಪಾರ್ಲಿಮೆಂಟಿನಲ್ಲಿ ಮೇಕೆ ಅಂತ ಪಾಸಾಗಿತ್ತು. ಕುರಿ ಅಂದ್ರೆ ಮತ್ತೆ ಪಾಸಾಗಬೇಕಿತ್ತು.

ಓಬಯ್ಯ: ಅದಕ್ಕೆ?

ಹರ್ಷಿತಾ: ಅದಕ್ಕೆ ವರದೀಲಿ ಸಾವಿರದಿನ್ನೂರ ಹದಿನಾಲ್ಕು ಮೇಕೆ.

ಓಬಯ್ಯ: ಪಾಲಯ್ಯ ಒಪ್ಪಿದ್ನಾ ಇದಕ್ಕೆ?

ಹರ್ಷಿತಾ: ಸಹಿ ಹಾಕಲ್ಲ ಅಂತ ಎರಡು ದಿನ ಕೂತಿದ್ರು. ಆಮೇಲೆ, 'ನಾನು ಸಹಿ ಹಾಕಲ್ಲ, ನೀವೇ ಏನಾದ್ರೂ ಬರ್ಕಳಿ. ಮೇಕೆಗೆ ಮಾತ್ರ ಅಂತ ಬೋರ್ಡೂ ಹಾಕ್ಕಳಿ, ಕುರಿಗೆ ಓದಕ್ಕೆ ಬರಲ್ಲ' ಅಂದ್ರು.

ಓಬಯ್ಯ ತಲೆಯಾಡಿಸಿದ. ಹೌದು, ಅದು ಪಾಲಯ್ಯನ ಮಾತೇ. ಬೇರೆ ಯಾರೂ ಹಾಗೆ ಹೇಳುವುದಿಲ್ಲ. ಸತ್ತವನ ಹೊಸ ಮಾತೊಂದು ಕೇಳಿಸಿದಂತಾಗಿ ಅವನು ತೊಟ್ಟಿಯ ದಿಕ್ಕಿಗೆ ತಿರುಗಿದ. ಅದೇ ಸಂದು ಸಾಕೆಂದು ಹರ್ಷಿತಾ ಮಾತು ಹಿಡಿದಳು.

ಹರ್ಷಿತಾ: ನೀವು ನಗ್ತೀರಿ. ಆದ್ರೆ ಪ್ರಶ್ನೆ ಯಾಕೆ ಕೇಳ್ತಾರೆ ಅಂತ ಯೋಚನೆ ಮಾಡಿದ್ದೀರಾ? ಮೊದಲು ಏನೂ ಕೇಳ್ದೆ ಕೊಡ್ತಿದ್ರು. ಒಂದು ಊರಲ್ಲಿ ತೊಟ್ಟಿ ಕಟ್ಟಿದ್ದೀವಿ ಅಂತ ಉದ್ಘಾಟನೆ ಫೋಟೋ ಕಳಿಸಿದ್ರು. ನಾನೇ ಹೋಗಿ ನೋಡ್ದೆ. ತೊಟ್ಟಿ ಮದುವೆ ಛತ್ರದ ಹಿಂದಿತ್ತು. ಪಾತ್ರೆ ತೊಳೀತಿದ್ರು. ಕುರಿ ಹೋಗ್ಲಿ, ಕೋಳಿನೂ ಇರಲಿಲ್ಲ.

ಓಬಯ್ಯ: ಅಂಥೋರು ಇರ್ತಾರೆ.

ಹರ್ಷಿತಾ: ಇರ್ತಾರೆ ಅಂತಲೇ ಪ್ರಶ್ನೆ! ಅಲ್ಲಿ ಯಾವುದೋ ಚಳಿ ದೇಶದಲ್ಲಿ ಒಬ್ಬ ಅಜ್ಜಿ ತೆರಿಗೆ ಕಟ್ಟಿರ್ತಾಳೆ. ನನ್ನ ದುಡ್ಡಲ್ಲಿ ಯಾವ ಕುರಿ ನೀರು ಕುಡೀತು ಅಂತ ಅವಳು ಕೇಳಬಾರದಾ?

ಓಬಯ್ಯ: ಕೇಳಲಿ. ಕುರಿ ನೀರು ಕುಡೀತಾ ಅಂತ ಕೇಳಲಿ. ಇದರಾಗೆ ಇನ್ನೂರ ಹದಿನಾಲ್ಕು ಪ್ರಶ್ನೆ ಐದಾವೆ, ತೊಟ್ಟಿಯಾಗೆ ನೀರು ಐತಾ ಅನ್ನೋ ಪ್ರಶ್ನೆ ಎಲ್ಲೈತೆ ತೋರ್ಸು.

ಹರ್ಷಿತಾ ಟ್ಯಾಬನ್ನು ಮೇಲಕ್ಕೂ ಕೆಳಕ್ಕೂ ಸವರಿದಳು. ಮೂರು ಸಲ ಸವರಿದಳು. ಬೇಜಾರು ಹೆಚ್ಚಾದಾಗ ಅವಳ ಬಾಯಲ್ಲಿ ಮನೆಯ ತೆಲುಗು ಬರುತ್ತಿತ್ತು.

ಹರ್ಷಿತಾ: ದೇವುಡಾ... ಇಲ್ಲ ಸಾರ್.

ಒಳಗಿನಿಂದ ಬೋರಕ್ಕ ಎರಡು ಲೋಟ ಮಜ್ಜಿಗೆ ತಂದು ಇಬ್ಬರ ನಡುವೆ ಇಟ್ಟು, ಬಾಗಿಲ ಹೊಸ್ತಿಲ ಒಳಗೆ ಕೂತಳು. ದೊಡ್ಡಪಾಲಯ್ಯನ ಹೆಂಡತಿ. ಅತ್ತು ಅತ್ತು ದನಿ ಒಡೆದಿತ್ತು, ಆದರೆ ಮಾತಿನ ಮೊನೆ ಹಾಗೇ ಇತ್ತು. ಮಗ ನಾಗರಾಜ ಹನ್ನೊಂದನೆಯ ದಿನದ ದಿನಸಿ ತರಲು ಚಳ್ಳಕೆರೆಗೆ ಹೋಗಿದ್ದ.

ಬೋರಕ್ಕ: ಅವಾಗಿಂದ ಕೇಳ್ತಾ ಇದ್ದೀನಿ. ಏನು ಓಬಣ್ಣ, ಆ ಹುಡುಗಿ ಮೇಲೆ ಕೂಗಾಡ್ತೀಯ? ಕೊಡೋರ ಕಷ್ಟ ನಿನಗೇನು ಗೊತ್ತು? ಇಸ್ಕಳ್ಳೋರ ಕಷ್ಟ ಕೇಳು, ನಾನು ಹೇಳ್ತೀನಿ.

ಓಬಯ್ಯ: ಹೇಳಿ ಅತ್ತಿಗೆ.

ಬೋರಕ್ಕ: ಅವರು ಹೋದ ಮೇಲೆ ಮೂರು ದಿನ ಈ ಮನ್ಯಾಗೆ ಒಲೆ ಹಚ್ಚಲಿಲ್ಲ. ಹಚ್ಚಂಗಿಲ್ಲ. ಆಚೆ ಹಟ್ಟಿ ನೆಂಟರು ಹನ್ನೆರಡು ಮನೆಯಿಂದ ಉಣ್ಣಕ್ಕೆ ತಂದ್ರು. ಹನ್ನೆರಡು ಮನೆಯಿಂದ್ಲೂ ಅನ್ನ. ಹನ್ನೆರಡು ಪಾತ್ರೆ ಅನ್ನ! ಸಾರು ಒಂದು ಮನೇದೂ ಇಲ್ಲ. ಇನ್ನೊಬ್ಬರು ಸಾರು ತರ್ತಾರೆ ಅಂತ ಎಲ್ಲರೂ ಅನ್ಕಂಡವ್ರೆ.

ಓಬಯ್ಯ: ಕೇಳಿದ್ಯೇನಮ್ಮ? ಹೊಂದಾಣಿಕೆ ಇಲ್ಲ ಅನ್ನೋದು ಇದೇ.

ಬೋರಕ್ಕ: ತಡಿ, ಮುಗೀಲಿಲ್ಲ. ಎರಡನೇ ದಿನ ನಮ್ಮ ನಾದಿನಿ ಜಯಕ್ಕ ಮುಂದೆ ನಿಂತ್ಲು. ನೀನು ಅನ್ನ, ನೀನು ಮುದ್ದೆ, ನೀನು ಸಾರು ಅಂತ ಹಂಚಿದ್ಲು. ಸರಿಹೋತು ಅನ್ಕಂಡೆ. ಎಲ್ಲಾ ಮನೆ ಸಾರೂ ಒಂದೇ ಪಾತ್ರೆಗೆ ಸುರಿದ್ಲು. ಆವಾಗ ಶುರುವಾತು ನೋಡು. 'ನಮ್ಮ ಮನೆ ಸಾರು ಉಂಡ್ಯಾ ಬೋರಕ್ಕ?' ಅಂತ ಒಬ್ಳು. 'ನಮ್ಮ ಪಾತ್ರೆ ಯಾವುದು?' ಅಂತ ಇನ್ನೊಬ್ಳು. 'ನಾನು ಬೆಲ್ಲ ಹಾಕಿದ್ದೆ, ಗೊತ್ತಾತಾ?' ಅಂತ ಮತ್ತೊಬ್ಳು. ಗಂಡ ಹೋಗವ್ನೆ, ಗಂಟಲಾಗೆ ನೀರು ಇಳಿಯಲ್ಲ, ಹನ್ನೆರಡು ಜನರಿಗೂ ಚೆನ್ನಾಗಿತ್ತು ಅನ್ನಬೇಕು!

ಹರ್ಷಿತಾ: ಅವರಿಗೂ ಪ್ರೀತಿನೇ ಅಲ್ವಾ ಅವ್ವಾ?

ಬೋರಕ್ಕ: ಪ್ರೀತಿನೇ ಕಣವ್ವ. ಅದಕ್ಕೇ ಚೆನ್ನಾಗಿತ್ತು ಅಂದೆ. ಇಲ್ಲಾಂದ್ರೆ ಅಂತಿದ್ನಾ?

ಓಬಯ್ಯ: ಆಚೆ ಹಟ್ಟಿ ಪಾತಮ್ಮನೂ ಬಂದಿದ್ಲಲ್ಲ, ಅವಳೇನು ತಂದಿದ್ಲು?

ಬೋರಕ್ಕ: ಅವಳೊಬ್ಳು ಏನೂ ತರಲಿಲ್ಲ. ಬಂದ್ಲು. ಹನ್ನೆರಡು ಪಾತ್ರೆ ತೊಳೆದು ಬೋರಲು ಹಾಕಿ ಹೋದ್ಲು. ಉಂಡ್ಯಾ ಅಂತನೂ ಕೇಳಲಿಲ್ಲ.

ಹರ್ಷಿತಾ: ಅಂಥ ದೇಶ ನಮ್ಮ ಇಪ್ಪತ್ತೆರಡರಲ್ಲಿ ಯಾವುದೂ ಇಲ್ಲ.

ಓಬಯ್ಯ: ಅತ್ತಿಗೆ, ಈಗ ಇರೋದು ಇದು. ಐದರೊಳಗೆ ಪಾಲಯ್ಯ ಯಾಕೆ ಬಿಟ್ಟ ಅಂತ ಹೇಳಬೇಕಂತೆ. ಸತ್ತ ಅಂತ ಹೇಳಂಗಿಲ್ಲಂತೆ.

ಬೋರಕ್ಕ: ಇರೋದ್ರಾಗೆ ಒಂದು ಒತ್ತಿ ಕಳಿಸ್ರಿ ಮತ್ತೆ.

ಓಬಯ್ಯ: ಯಾವುದನ್ನ? ನಂಬಿಕೆ ಕಳ್ಕಂಡ ಅಂತ ಒತ್ತೋದಾ? ಕೊನೆ ತನಕ ನಂಬಿದ್ದೋನು ಅವನೊಬ್ಬನೇ!

ಹರ್ಷಿತಾ: ಅದನ್ನ ಒತ್ತಿದ್ರೆ ಮನವೊಲಿಕೆಗೆ ಅಂತ ಒಬ್ಬ ಸಲಹೆಗಾರರು ಬರ್ತಾರೆ ಸಾರ್. ಮೂರು ಸಲ ಭೇಟಿ ಮಾಡ್ತಾರೆ.

ಓಬಯ್ಯ: ಯಾರನ್ನ?

ಹರ್ಷಿತಾ: ನಂಬಿಕೆ ಕಳ್ಕೊಂಡೋರನ್ನ.

ಓಬಯ್ಯ: ಬರಲಿ, ದಾರಿ ನಾನು ತೋರಿಸ್ತೀನಿ. ಎರಡನೇದು?

ಹರ್ಷಿತಾ: ಬೇರೆ ಸಂಸ್ಥೆಗೆ ಸೇರಿದ್ರು ಅಂದ್ರೆ, ಅಲ್ಲಿ ಸಿಗೋ ಸೌಲಭ್ಯ ನಮ್ಮದಕ್ಕಿಂತ ಹೇಗೆ ಉತ್ತಮ ಅಂತ ಐದು ಸಾಲು ಬರೀಬೇಕು.

ಓಬಯ್ಯ: ಮೂರನೇದು ಓದಬೇಡ. ದುರ್ನಡತೆ ಅಂತೆ! ಬೀಡಿ ಸೇದೋದು ಬಿಟ್ರೆ ಅವನಿಗೆ ಇನ್ನೊಂದು ದುರ್ನಡತೆ ಇರಲಿಲ್ಲ.

ಬೋರಕ್ಕ: ಅದು ನಿನಗೆ ಗೊತ್ತಿರೋದು.

ಓಬಯ್ಯ: ಅತ್ತಿಗೆ!

ಬೋರಕ್ಕ: ನಾಲ್ಕನೇದು ಒತ್ತವ್ವ. ಊರು ಬಿಟ್ಟು ಹೋಗವ್ರೆ.

ಓಬಯ್ಯ: ಅದು ಸುಳ್ಳಾಗ್ತದೆ. ಪಾಲಯ್ಯ ಈ ಫಾರಂನಾಗೆ ಒಂದೇ ಒಂದು ಸುಳ್ಳೂ ಹೇಳಿದವನಲ್ಲ. ಅವನು ಹೋದ ಮೇಲೆ ಅವನ ಹೆಸರಾಗೆ ಸುಳ್ಳು ಹೋಗೋದು ನನಗೆ ಬೇಡ.

ಬೋರಕ್ಕ: ಇದರಾಗೆ ಸುಳ್ಳೇನು ಬಂತು ಓಬಣ್ಣ? ಊರಾಗೆ ಇದ್ರೆ ತೋರ್ಸು.

ಹರ್ಷಿತಾ ಇಬ್ಬರ ಮುಖವನ್ನೂ ನೋಡಿ, ನಾಲ್ಕನ್ನು ಒತ್ತಿದಳು. ಪರದೆಯ ಮೇಲೆ ಒಂದರ ಹಿಂದೊಂದು ಹೊಸ ಪ್ರಶ್ನೆಗಳು ಕಣ್ಣು ಬಿಟ್ಟವು.

ಹರ್ಷಿತಾ: 'ಎಲ್ಲಿಗೆ ಹೋದರು? ಪಕ್ಕದ ಊರು, ಬೇರೆ ಜಿಲ್ಲೆ, ಬೇರೆ ರಾಜ್ಯ, ಬೇರೆ ದೇಶ.'

ಬೋರಕ್ಕ: ಇವುಗಳಲ್ಲಿ ಯಾವುದು ದೂರ?

ಹರ್ಷಿತಾ: ಬೇರೆ ದೇಶ.

ಬೋರಕ್ಕ: ಅದನ್ನೇ ಹಾಕು.

ಹರ್ಷಿತಾ: 'ಒಬ್ಬರೇ ಹೋದರೇ, ಕುಟುಂಬದೊಂದಿಗೆ ಹೋದರೇ?'

ಬೋರಕ್ಕ: ಒಬ್ಬರೇ. ಎಲ್ಲಿಗೂ ನನ್ನ ಕರ್ಕಂಡು ಹೋದೋರಲ್ಲ ಅವರು.

ಹರ್ಷಿತಾ: 'ಕುಟುಂಬದವರು ಮುಂದೆ ಅಲ್ಲಿಗೆ ಹೋಗುವ ಸಾಧ್ಯತೆ ಇದೆಯೇ?'

ಬೋರಕ್ಕ: ಐತೆ. ನಾನೇ ಹೋಗ್ತೀನಿ. ತಾರೀಕು ಕೇಳಬೇಡ.

ಹರ್ಷಿತಾ: ತಾರೀಕು ಕೇಳಿಲ್ಲ ಅವ್ವಾ. 'ಅಲ್ಲಿಂದ ಮನೆಗೆ ಹಣ ಕಳಿಸುತ್ತಾರೆಯೇ?'

ಬೋರಕ್ಕ: ಇಲ್ಲಿದ್ದಾಗಲೇ ಕೊಡಲಿಲ್ಲ.

ಹರ್ಷಿತಾ: ಇಲ್ಲ ಅಂತ ಹಾಕ್ತೀನಿ. 'ಹೊರಡುವ ಮುನ್ನ ಯೋಜನೆಯ ಬಗ್ಗೆ ಏನಾದರೂ ಅಭಿಪ್ರಾಯ ತಿಳಿಸಿದರೇ? ನಲವತ್ತು ಅಕ್ಷರ ಮೀರದಂತೆ.'

ಬೋರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಬೋರಕ್ಕ: 'ತೊಟ್ಟಿಗೆ ನೀರು ಬಿಟ್ರಾ?' ಅಂತ ಕೇಳಿದ್ರು. ಬಿಟ್ಟಿದ್ದೀವಿ ಅಂದೆ. ಅಷ್ಟೇ. ಅದೇ ಕೊನೆ.

ಹರ್ಷಿತಾಳ ಬೆರಳು ನಿಂತಿತು. ಓಬಯ್ಯ ಮಜ್ಜಿಗೆಯ ಲೋಟವನ್ನು ಎತ್ತಿ, ಕುಡಿಯದೆ, ಮತ್ತೆ ಇಟ್ಟ.

ಓಬಯ್ಯ: ಇನ್ನೇನಾದ್ರೂ... ಯಾರನ್ನಾದ್ರೂ ಕೇಳಿದ್ನಾ ಅತ್ತಿಗೆ?

ಬೋರಕ್ಕ: ನಿನ್ನನ್ನಾ? ಇಲ್ಲ. ಸುಳ್ಳು ಯಾಕೆ ಹೇಳಲಿ? ಕುರಿ ಸುದ್ದಿ ಬಿಟ್ಟು ಇನ್ನೇನೂ ಇಲ್ಲ. ನನ್ನನ್ನೂ ಕೇಳಲಿಲ್ಲ, ಬಿಡು.

ಹರ್ಷಿತಾ: ನಲವತ್ತರೊಳಗೇ ಬಂತು. ಇನ್ನೊಂದು ಪುಟ. 'ಮರಳಿ ಬರುವ ನಿರೀಕ್ಷೆ ಇದೆಯೇ? ಇದ್ದರೆ ಯಾವಾಗ?' ಇಲ್ಲ ಅಂತ ಹಾಕಿದ್ರೆ ಸಮಿತಿ ರದ್ದಾಗುತ್ತೆ ಸಾರ್. ಇಲ್ಲಿಗೆ ಮುಗೀತು.

ಓಬಯ್ಯ: ಮುಗೀತಲ್ಲ. ನಾನು ಹೇಳಲಿಲ್ವಾ?

ಬೋರಕ್ಕ: ಏನು ಮುಗಿಯೋದು? ಮಾರ್ನಾಮಿ ಅಮಾಸೆಗೆ ಬರ್ತಾರೆ.

ಹರ್ಷಿತಾ: ಯಾರು?

ಬೋರಕ್ಕ: ನಮ್ಮನೆಯೋರು ಕಣವ್ವ. ಹಿರಿಯರ ಹಬ್ಬಕ್ಕೆ ಎಡೆ ಇಡಲ್ವಾ? ಬರದೆ ಎಲ್ಲಿಗೆ ಹೋಗ್ತಾರೆ? ನಿಮ್ಮ ಮೊಳಕಾಲ್ಮೂರಾಗೆ ಬರಲ್ವೇನು?

ಹರ್ಷಿತಾ: ಬರ್ತಾರೆ... ನಮ್ಮ ತಾತನೂ ಬರ್ತಾರೆ. ಚಿತ್ರಾನ್ನ ಇಡ್ತೀವಿ.

ಬೋರಕ್ಕ: ಮತ್ತೆ?

ಹರ್ಷಿತಾ: 'ವರ್ಷಕ್ಕೆ ಎಷ್ಟು ಸಲ?'

ಬೋರಕ್ಕ: ಒಂದು ಸಲ. ತಪ್ಪಿಸಲ್ಲ.

ಹರ್ಷಿತಾ: 'ಬಂದಾಗ ಎಷ್ಟು ಹೊತ್ತು ಇರುತ್ತಾರೆ?'

ಬೋರಕ್ಕ: ಉಣ್ಣೋ ಹೊತ್ತು.

ಓಬಯ್ಯ: ಆ ಸಂಸ್ಥೆಯೋರಿಗಿಂತ ಇವನೇ ವಾಸಿ. ಅವರು ನಾಲ್ಕು ವರ್ಷಕ್ಕೊಂದು ಸಲ.

ಹರ್ಷಿತಾ ಕೊನೆಯ ಗುಂಡಿ ಒತ್ತಿದಳು. ಟ್ಯಾಬು ಕೊಂಚ ಹೊತ್ತು ಯೋಚಿಸಿತು. ಆಮೇಲೆ ತಿಳಿಹಸಿರು ಪಟ್ಟಿಯೊಂದು ಮೂಡಿತು. ಅವಳು ಅದನ್ನು ಜೋರಾಗಿ ಓದಿದಳು: 'ಋತುಮಾನದ ವಲಸೆ. ನಿಯಮಿತವಾಗಿ ಮರಳುವ ಸದಸ್ಯ. ಅಧ್ಯಕ್ಷ ಸ್ಥಾನ ಮುಂದುವರಿದಿದೆ.'

ಓಬಯ್ಯ: ಸತ್ತ ಮೇಲೂ ಕುರ್ಚಿ ಬಿಡಲಿಲ್ಲ ನನ್ಮಗ.

ಹರ್ಷಿತಾ: ಇನ್ನೂ ಆಗಿಲ್ಲ ಸಾರ್! ಈಗ ಅಧ್ಯಕ್ಷರ ನಂಬರಿಗೆ ಪರಿಶೀಲನೆ ಕರೆ ಬರುತ್ತೆ. ತಕ್ಷಣ ಎತ್ತಿ ಮಾತಾಡಬೇಕು. ಇಲ್ಲಾಂದ್ರೆ ತುಂಬಿದ್ದೆಲ್ಲ ವಾಪಸ್ಸು.

ಅವಳ ಮಾತು ಮುಗಿಯುವ ಮೊದಲೇ ಒಳಗೆ ಗೋಡೆಯ ಗೂಡಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬೋರಕ್ಕ ಎದ್ದು ತಂದಳು. ಅದನ್ನು ದಿನಾ ಚಾರ್ಜಿಗೆ ಹಾಕಿ ಇಟ್ಟಿದ್ದಳು. ಅದು ಆರಿಹೋಗಲು ಬಿಡುವುದಕ್ಕೆ ಮನಸ್ಸು ಬಂದಿರಲಿಲ್ಲ.

ಬೋರಕ್ಕ: ಸಂಜೆ ಆರಕ್ಕೆ ಮಾತ್ರ ಹೊಡ್ಕಂತಿತ್ತು ಇದು. ಐದು ದಿನದಿಂದ. ನೀವಿಬ್ರೂ ದಿನಾ ಮಾತಾಡ್ತಿದ್ದ ಹೊತ್ತು, ನೀನೇ ಅಂತ ಗೊತ್ತು ಓಬಣ್ಣ. ಎತ್ತಿ ಏನು ಹೇಳಲಿ ಅಂತ ಎತ್ತಲಿಲ್ಲ.

ಓಬಯ್ಯ ಅವಳ ಮುಖ ನೋಡದೆ ಫೋನಿಗೆ ಕೈ ಚಾಚಿದ.

ಹರ್ಷಿತಾ: ಅವ್ವ ಮಾತಾಡಂಗಿಲ್ಲ ಸಾರ್. ಮಾಹಿತಿ ಕೊಟ್ಟೋರೇ ಸರಿ ಅಂತ ಹೇಳಿದ್ರೆ ನಡೆಯಲ್ಲ. ನೀವೇ ಮಾತಾಡಿ. ಜೋರಾಗಿಡಿ, ನನಗೂ ಕೇಳಬೇಕು.

ಫೋನು: ನಮಸ್ಕಾರ. ಸ್ವತಂತ್ರ ಪರಿಶೀಲನಾ ಕೇಂದ್ರದಿಂದ ಮಾತನಾಡುತ್ತಿದ್ದೇನೆ. ಶ್ರೀ ದೊಡ್ಡಪಾಲಯ್ಯನವರೇ?

ಓಬಯ್ಯ: ಅಲ್ಲ ತಾಯಿ. ಅವನು ಊರಾಗಿಲ್ಲ.

ಫೋನು: ಅವರು ಯಾವಾಗ ಮಾತಿಗೆ ಸಿಗುತ್ತಾರೆ ಸರ್?

ಓಬಯ್ಯ: ನನಗೂ ಅವನ ಹತ್ರ ಒಂದಷ್ಟು ಮಾತಾಡೋದು ಐತೆ. ನಿಮಗೆ ಮೊದಲು ಸಿಕ್ಕಿದ್ರೆ ನನಗೊಂದು ಫೋನ್ ಮಾಡಿ.

ಫೋನು: ಸರಿ ಸರ್. ನೀವು ಅವರಿಗೆ ಏನಾಗಬೇಕು?

ಓಬಯ್ಯ: ಸ್ನೇಹಿತ.

ಫೋನು: ಸ್ನೇಹಿತರ ಉತ್ತರ ಮಾನ್ಯವಲ್ಲ ಸರ್. ಕುಟುಂಬದವರು ಬೇಕು. ಮಗ, ಅಣ್ಣ, ತಮ್ಮ, ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ಕರೆಯನ್ನು ವಿಫಲ ಎಂದು ದಾಖಲಿಸುತ್ತೇನೆ.

ಹರ್ಷಿತಾ ಎರಡೂ ಕೈ ಜೋಡಿಸಿ ಸನ್ನೆ ಮಾಡಿದಳು. ಗಂಟೆ ನಾಲ್ಕೂಮುಕ್ಕಾಲು. ಓಬಯ್ಯ ಬೀದಿಯ ಕಡೆ ನೋಡಿದ. ಆ ಬೀದಿಯಲ್ಲಿ ಐದು ದಿನದ ಹಿಂದೆ ಚಟ್ಟಕ್ಕೆ ಹೆಗಲು ಕೊಡಲು ಅವನು ಮುಂದೆ ಬಂದಾಗ, 'ಬೆಡಗಿನೋರು ಇದ್ದೀವಿ, ನೀವು ಹಿಂದೆ ಬನ್ನಿ ಮೇಷ್ಟ್ರೇ' ಎಂದಿದ್ದರು. ಅವರು ಮರ್ಯಾದೆಯಿಂದಲೇ ಹೇಳಿದ್ದರು. ಅವನು ಹಿಂದೆ ಹಿಂದೆ ನಡೆದು, ಮಣ್ಣು ಮಾಡಿದ ಮೇಲೆ, ಸಂಜೆಯ ಬಸ್ಸಿಗೆ ಚಳ್ಳಕೆರೆಗೆ ವಾಪಸ್ಸಾಗಿದ್ದ.

ಓಬಯ್ಯ: ತಮ್ಮ. ನಾನು ಅವನ ತಮ್ಮ.

ಫೋನು: ಧನ್ಯವಾದ ಸರ್. ಎರಡೇ ಪ್ರಶ್ನೆ. ಅವರು ಹೋದ ಮೇಲೆ ಯೋಜನೆಯ ಕೆಲಸ ನಡೆಯುತ್ತಿದೆಯೇ?

ಓಬಯ್ಯ: ತೊಟ್ಟಿಯಾಗೆ ನೀರೈತೆ. ಅತ್ತಿಗೆ ಬಿಡ್ತಾ ಇದ್ದಾರೆ.

ಫೋನು: ಅವರು ಮರಳಿ ಬರುತ್ತಾರೆ ಎಂಬ ಭರವಸೆ ನಿಮಗೆ ಇದೆಯೇ?

ಓಬಯ್ಯ: ದಿನಾ ಸಂಜೆ ಆರಕ್ಕೆ ಇರ್ತದೆ. ಆರೂ ಐದಕ್ಕೆ ಹೋಗ್ತದೆ.

ಫೋನು: 'ಇದೆ' ಎಂದು ದಾಖಲಿಸಲೇ ಸರ್?

ಓಬಯ್ಯ: ಬರ್ಕಳ್ಳಿ.

ಕರೆ ಮುಗಿಯಿತು. ಟ್ಯಾಬಿನ ಹಸಿರು ಗಾಢವಾಯಿತು. ಹರ್ಷಿತಾ ಟ್ಯಾಬನ್ನು ಚೀಲಕ್ಕೆ ತುರುಕಿ, ಅಲ್ಲಿಯವರೆಗೆ ಮುಟ್ಟದ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದಳು.

ಹರ್ಷಿತಾ: ಆಯ್ತು ಸಾರ್! ಎರಡನೇ ಹಂತ ಪಾಸು. ಸುಳ್ಳೇ ಬೇಡ ಅಂತಿದ್ರಿ, ಕೊನೆಗೆ ನೀವೇ ಒಂದು ಬಿಟ್ರಲ್ಲ!

ಓಬಯ್ಯ: ಅದೊಂದು ಪಾಲಯ್ಯ ಕ್ಷಮಿಸ್ತಾನೆ.

ಬೋರಕ್ಕ: ಯಾವುದು ಸುಳ್ಳು? ಅವರು ನಿನಗಿಂತ ಎರಡು ವರ್ಷ ದೊಡ್ಡೋರು. ತಮ್ಮ ಅಂತ ನಿನ್ನ ಬಾಯಾಗೆ ನೀನೇ ಹೇಳಿದ್ದೀಯ, ಬರ್ಕಂಡೂ ಆಗೈತೆ. ಇನ್ನು ಐದು ದಿನ ಚಳ್ಳಕೆರೆ ಕಡೆ ತಲೆ ಹಾಕಬೇಡ. ಹನ್ನೊಂದರ ದಿನ ಕ್ಷೌರದೋನು ಬರ್ತಾನೆ, ನಾಗರಾಜನ ಜೊತೆ ನೀನೂ ತಲೆ ಬೋಳಿಸ್ಕ.

ಓಬಯ್ಯನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಅರವತ್ತೆಂಟನೆಯ ವಯಸ್ಸಿನಲ್ಲೂ ಎಣ್ಣೆ ಹಾಕಿ ಹಿಂದಕ್ಕೆ ಬಾಚುತ್ತಿದ್ದ ಕೂದಲು. ಅದನ್ನು ಸವರುತ್ತಲೇ ಚೌಕಾಸಿಗೆ ಇಳಿದ.

ಓಬಯ್ಯ: ಪೂರ್ತಿನಾ ಅತ್ತಿಗೆ? ಮುಂದಿನದು ಒಂದಿಷ್ಟು ತೆಗೆಸಿದ್ರೆ ಸಾಲದಾ?

ಬೋರಕ್ಕ: ಒಂದು ಹಂತ ಈಗ, ಇನ್ನೊಂದು ಹಂತ ಆಮೇಲೆ ಅನ್ನೋಕೆ ಇದೇನು ಇಪ್ಪತ್ತೆರಡು ದೇಶದ ಕೆಲಸನಾ? ಒಂದೇ ಸಲಕ್ಕೆ, ಪೂರ್ತಿ!